ರಾಹುಕಾಲಕ್ಕೆ ಮೊದಲು ಇಪ್ಪತ್ತೇಳು

ಆ ಭಾನುವಾರ ಸಂಜೆ ನಾಲ್ಕೂವರೆಗೆ ನಾನು ಸಿಂಕಿನ ಮುಂದೆ ನಿಂತು ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ತಿಕ್ಕುತ್ತಿದ್ದೆ. ನವರಾತ್ರಿಗೆ ಕೆಲವೇ ದಿನ ಉಳಿದಿದ್ದವು. ಪಕ್ಕದ ಕಟ್ಟೆಯ ಮೇಲೆ ದೋಸೆಗೆ ನೆನೆಹಾಕಿದ ಅಕ್ಕಿ, ಉದ್ದು ಎರಡು ಪಾತ್ರೆಗಳಲ್ಲಿ ಕಾಯುತ್ತಿದ್ದವು. ದೀಪ ಮುಗಿಸಿ ಗ್ರೈಂಡರ್ ಹಾಕುವುದು, ಅದು ತಿರುಗುವಷ್ಟು ಹೊತ್ತು ಸಹಸ್ರನಾಮ ಹೇಳಿಕೊಳ್ಳುವುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಫೋನು ಬಂತು. ಕೈಯೆಲ್ಲ ಹುಳಿಯಾಗಿತ್ತು; ಮೊಣಕೈಯಿಂದ ಸ್ಪೀಕರ್ ಒತ್ತಿದೆ.

"ನಂಗೆ ಬರಕ್ಕಾಗಲ್ಲ ಕಣೇ," ಎಂದರು ನಮ್ಮವರು. "ಇಲ್ಲಿ ಟೆಸ್ಟು ಅರ್ಧಕ್ಕೇ ನಿಂತ್ಹೋಗಿದೆ. ನಾಳೆ ಬೆಳಿಗ್ಗೆಯೊಳಗೆ ಸರಿಯಾಗ್ಬೇಕು."

"ಊಟಕ್ಕಾದ್ರೂ ಬರ್ತೀರಾ?"

"ಊಟದ ಮಾತಲ್ಲ. ಐದು ಗಂಟೆಗೆ ಡ್ರಾಫ್ಟ್ ಇದೆ. ನೀನೇ ಮಾಡ್ಬೇಕು."

ನಮ್ಮವರು ಮಿಶಿಗನ್‌ನ ವಾರೆನ್ ಎಂಬ ಊರಿನಲ್ಲಿ ಕಾರುಗಳ ಇಂಜಿನಿಯರು. ಮೈಸೂರಿನಲ್ಲಿ ಬೆಳೆದವರು, ಫ್ರಿಜ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ಐಸು ಕಂಡವರಲ್ಲ. ಮಗಳು ಐಸ್-ಹಾಕಿ ಆಡಲು ಶುರು ಮಾಡಿದ ಮೇಲೆ ಟೀವಿ ಮುಂದೆ ಕೂತು ಆಟ ಕಲಿತರು. ಹೋದ ವರ್ಷ ಹನ್ನೆರಡು ಹದಿಮೂರರ ಹುಡುಗಿಯರ ಒಂದು ತಂಡಕ್ಕೆ ಕೋಚ್ ಸಿಗದೆ ಎಲ್ಲ ಅಪ್ಪಂದಿರೂ ನೆಲ ನೋಡುತ್ತಿದ್ದಾಗ ಇವರು ಕೈ ಎತ್ತಿದರು. ಕೈ ಎತ್ತುವುದು ಅವರು, ಆಮೇಲೆ ಬಾಟಲಿ ತುಂಬುವುದು, ಬೆವರಿನ ಗ್ಲೌಸು ಒಣಗಿಸುವುದು, ಅಮ್ಮಂದಿರಿಗೆ ಮೆಸೇಜ್ ಕಳಿಸುವುದು ನಾನು. ಇದುವರೆಗೂ ಡ್ರಾಫ್ಟ್ ಒಂದು ನನ್ನ ತಲೆಗೆ ಬಂದಿರಲಿಲ್ಲ. ಅದೂ ಬಂತು.

ಡ್ರಾಫ್ಟ್ ಎಂದರೆ ದೊಡ್ಡದೇನಲ್ಲ. ನಮ್ಮ ಕಡೆಯ ಮಕ್ಕಳ ಲೀಗಿನಲ್ಲಿ ಆರು ತಂಡ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಎಲ್ಲ ಮಕ್ಕಳಿಗೂ ಎದೆಯ ಮೇಲೆ ನಂಬರ್ ಕಟ್ಟಿ ಐಸ್ ಮೇಲೆ ಬಿಟ್ಟು ನೋಡುತ್ತಾರೆ. ಆಮೇಲೆ ಆರು ಕೋಚ್‌ಗಳು ವಿಡಿಯೋ ಕಾಲ್‌ನಲ್ಲಿ ಕೂತು, ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ನಂಬರ್ ಹೇಳಿ ತಮ್ಮ ತಂಡಕ್ಕೆ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಕೋಚ್‌ನ ಸ್ವಂತ ಮಗಳು ತಾನಾಗಿಯೇ ಅವನ ತಂಡಕ್ಕೆ ಬರುತ್ತಾಳೆ. ಉಳಿದವರು ಯಾರ ಬಾಯಿಂದ ಮೊದಲು ಬಿದ್ದರೋ ಅವರ ಪಾಲು.

"ನನ್ನ ಟೇಬಲ್ ಮೇಲೆ ಲಿಸ್ಟ್ ಇದೆ," ಎಂದರು. "ಬೇರೆಯವರು ತಗೊಂಡಿದ್ದನ್ನ ಗೀಟು ಹಾಕ್ತಾ ಹೋಗು. ನಮ್ಮ ಸರದಿ ಬಂದಾಗ ಮಿಕ್ಕಿದ್ರಲ್ಲಿ ಮೇಲಿರೋ ನಂಬರ್ ಹೇಳು. ಅಷ್ಟೇ. ನೀನು ಯೋಚನೆ ಮಾಡೋ ಹಾಗೇ ಇಲ್ಲ."

"ಇಪ್ಪತ್ತೇಳು?"

"ಮತ್ತೆ ಅದೇನಾ? ಐದನೇ ರೌಂಡಿನಲ್ಲಿದಾಳೆ. ಎಲ್ಲಿಗೂ ಹೋಗಲ್ಲ ಅವಳು."

"ಹೋದ್ರೆ?"

"ಹೋಗಲ್ಲ ಅಂದ್ನಲ್ಲ. ನಾನು ಒಳಗೆ ಹೋಗ್ಬೇಕು, ಅಲ್ಲಿ ಫೋನ್ ಬಿಡಲ್ಲ. ಇಡ್ತೀನಿ."

ಇಟ್ಟೇಬಿಟ್ಟರು. ಕೈಯಲ್ಲಿದ್ದ ದೀಪದ ಅರ್ಧ ಹೊಳೆಯುತ್ತಿತ್ತು, ಅರ್ಧ ಕಪ್ಪಾಗಿತ್ತು. ಹಾಗೇ ನೀರಿಗೆ ಇಳಿಬಿಟ್ಟು ಕೈ ತೊಳೆದೆ. ಗ್ರೈಂಡರ್ ಇನ್ನೂ ಹಾಕಿರಲಿಲ್ಲವಲ್ಲ ಎಂದುಕೊಂಡೆ. ಹಾಕಿದ್ದರೆ ಆ ಸದ್ದಿನಲ್ಲಿ ಫೋನೇ ಕೇಳುತ್ತಿರಲಿಲ್ಲ. ಆ ದಿನ ಲೆಕ್ಕಕ್ಕೆ ಸಿಕ್ಕ ಮೊದಲ ಕೃಪೆ ಅದು.

ಇಪ್ಪತ್ತೇಳು ಯಾರೆಂದು ಹೇಳಬೇಕು. ನಾವು ಮಿಶಿಗನ್‌ಗೆ ಬಂದು ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಎಂಟು ವರ್ಷ ಶಿಕಾಗೋದ ಹತ್ತಿರ ಗ್ಲೆಂಡೇಲ್ ಹೈಟ್ಸ್‌ನಲ್ಲಿದ್ದೆವು. ಅಲ್ಲಿ ಮಗಳಿಗೆ ಮೆಟ್ಟಿಲಿಗೊಬ್ಬಳು ಗೆಳತಿ. ಇಲ್ಲಿಗೆ ಬಂದ ಮೊದಲ ವರ್ಷ ಸ್ಕೂಲಿನಲ್ಲಿ ಒಬ್ಬಳೇ ಲೈಬ್ರರಿಯಲ್ಲಿ ಕೂತು ಡಬ್ಬಿ ತಿನ್ನುತ್ತಿದ್ದಳು ಎಂದು ನನಗೆ ಗೊತ್ತಾದದ್ದೇ ಟೀಚರ್ ಹೇಳಿದ ಮೇಲೆ. ಆಮೇಲೆ ಹಾಕಿಯಲ್ಲಿ ಈ ಹುಡುಗಿ ಜೊತೆಯಾದಳು. ಇಬ್ಬರೂ ಹಿಂದೆ ನಿಂತು ಆಡುವವರು, ಡಿಫೆನ್ಸ್. ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ. ಆ ವರ್ಷ ಕಾರಿನ ಹಿಂದಿನ ಸೀಟಿನಲ್ಲಿ ನಗು ಕೇಳಿಸಿದ ದಿನ ನಾನು ಹೆದ್ದಾರಿಯ ಎಕ್ಸಿಟ್ ತಪ್ಪಿ ನಾಲ್ಕು ಮೈಲಿ ಮುಂದೆ ಹೋಗಿದ್ದೆ.

ಅವಳ ಅಮ್ಮ ಹುಬ್ಬಳ್ಳಿ ಕಡೆಯವರು, ನಮ್ಮ ಪಕ್ಕದ ಬಡಾವಣೆಯಲ್ಲಿದ್ದಾರೆ. ಆನ್ ಆರ್ಬರ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಹೋಗಿ ಬರಲು ನೂರು ಮೈಲಿ. ಯಜಮಾನರು ಕೆಲಸಕ್ಕೆಂದು ಟೆಕ್ಸಸ್‌ನಲ್ಲಿದ್ದಾರೆ. ಹೋದ ವರ್ಷ ಅದೃಷ್ಟಕ್ಕೆ ಇಬ್ಬರೂ ಒಂದೇ ತಂಡಕ್ಕೆ ಬಿದ್ದಿದ್ದರು. ಎರಡು ಚೀಲ, ನಾಲ್ಕು ಕೋಲು, ಇಬ್ಬರು ಹುಡುಗಿಯರನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೆ. ಈ ಆಗಸ್ಟಿನಲ್ಲಿ ಆಕೆಯ ಶಿಫ್ಟ್ ಬದಲಾಯಿತು. ಪ್ರಾಕ್ಟೀಸಿರುವ ಮಂಗಳವಾರ ಸಂಜೆ, ಮ್ಯಾಚಿರುವ ಶನಿವಾರ ಬೆಳಿಗ್ಗೆ, ಎರಡೂ ಹೊತ್ತು ಆಕೆಗೆ ಕೆಲಸ ಬಿತ್ತು.

"ಬ್ಯಾರೆ ಟೀಮಿಗೆ ಬಿದ್ರ ಬಿಡಿಸ್ಬಿಡ್ತೀನ್ರಿ ಅಕ್ಕಾ," ಎಂದಿದ್ದರು ಐಸ್ ಆಟದ ರಿಂಕಿನ ಪಾರ್ಕಿಂಗ್‌ನಲ್ಲಿ. "ಸುಮ್ನ ಅನ್ನಾಕತ್ತಿಲ್ಲ. ಯಾರನ್ನ ಕಳಿಸ್ಲಿ ನಾ? ನೀವೊಬ್ರು ಎರಡು ರಿಂಕಿಗೆ ಹೆಂಗ ಹೋಗ್ತೀರಿ?"

ಒಂದೇ ಕಾರಿನಲ್ಲಿ ಬರುವ ಮಕ್ಕಳನ್ನು ಒಂದೇ ತಂಡಕ್ಕೆ ಹಾಕಿ ಎಂದು ಕೇಳಿಕೊಳ್ಳಲು ಒಂದು ಫಾರ್ಮ್ ಇದೆ. ಕೊನೆಯ ದಿನ ಮೇ ತಿಂಗಳಲ್ಲೇ ಮುಗಿದಿತ್ತು. ಶಿಫ್ಟ್ ಬದಲಾದದ್ದು ಆಗಸ್ಟಿನಲ್ಲಿ. "ಲೀಗಿನವರಿಗೆ ಒಂದು ಮಾತು ಹೇಳಿ," ಎಂದು ನಮ್ಮವರನ್ನು ಕೇಳಿದೆ. "ಕೋಚ್ ಆಗಿ ನಾನೇ ರೂಲ್ ಮುರಿಯೋದಾ?" ಎಂದರು. ಅವರು ಹೇಳಿದ್ದು ನ್ಯಾಯವೇ. ನ್ಯಾಯವಾದದ್ದಕ್ಕೇ ಇನ್ನೂ ಸಿಟ್ಟು ಬಂತು.

ಸರಿ, ರೂಲಿನ ಒಳಗೇ ತೆಗೆದುಕೊಳ್ಳಿ, ಬೇಗ ಆರಿಸಿಕೊಳ್ಳಿ ಎಂದೆ. ಅದಕ್ಕೂ ಒಪ್ಪಲಿಲ್ಲ. ಹಿಂದಿನ ದಿನ ತಿಂಡಿಯ ಹೊತ್ತಿನಲ್ಲಿ ಇದೇ ವಾದ. ಮೇಜಿನ ಮೇಲೆ ಮೂರು ಚಮಚ ಮುಂದೆ ಜೋಡಿಸಿದರು, ಎರಡು ಸ್ಟೀಲ್ ಲೋಟ ಹಿಂದೆ ಇಟ್ಟರು, ಅವುಗಳ ಹಿಂದೆ ಉಪ್ಪಿನಕಾಯಿ ಜಾಡಿ.

"ಜಾಡಿ ಗೋಲಿ, ಗೋಲ್ ಕಾಯೋಳು. ಲೋಟ ಡಿಫೆನ್ಸು. ಚಮಚ ಫಾರ್ವರ್ಡು, ಗೋಲ್ ಹೊಡಿಯೋರು. ಗೋಲ್ ಹೊಡಿಯೋ ಮಕ್ಕಳು ಕಮ್ಮಿ ಇರ್ತಾರೆ, ಬೇಗ ಖಾಲಿಯಾಗ್ತಾರೆ. ಹಿಂದೆ ನಿಲ್ಲೋರು ಕೊನೆವರೆಗೂ ಸಿಗ್ತಾರೆ. ಮೊದಲ ಮೂರು ರೌಂಡು ಚಮಚ, ಆಮೇಲೆ ಲೋಟ."

"ಎಲ್ರೂ ಹೀಗೇ ಅಂದ್ಕೊಂಡಿದ್ರೆ ಸರಿ. ಇನ್ಯಾರದೋ ಮನೇಲಿ ಮೊದಲು ಲೋಟ ಜೋಡ್ಸಿದ್ರೆ?"

"ಯಾರೂ ಜೋಡ್ಸಲ್ಲ."

"ನಿಮ್ಗೆ ಹೇಗೆ ಗೊತ್ತು?"

"ನಾಲ್ಕು ವರ್ಷದ ಹಳೇ ಡ್ರಾಫ್ಟ್ ಲಿಸ್ಟೆಲ್ಲ ತರಿಸಿ ನೋಡಿದೀನಿ ಕಣೇ. ಶೀಟ್ ಮಾಡಿದೀನಿ."

ಅವರ ಶೀಟಿನಲ್ಲಿ ಓಟದ ವೇಗಕ್ಕೆ ಒಂದು ಕಾಲಂ, ಹೊಡೆತಕ್ಕೆ ಒಂದು ಕಾಲಂ. ಮನೆಗೆ ನಗು ತಂದವಳಿಗೆ ಕಾಲಂ ಇರಲಿಲ್ಲ. ಹೇಳಿದರೆ ಸೆಂಟಿಮೆಂಟ್ ಎನ್ನುತ್ತಿದ್ದರು, ಹೇಳಲಿಲ್ಲ. ಚಮಚ ಲೋಟ ಎತ್ತಿಕೊಂಡು ಹೋಗಿ ತೊಳೆದಿಟ್ಟೆ.

ಈಗ ಅದೇ ಲಿಸ್ಟು ನನ್ನ ಕೈಗೆ ಬಂದಿತ್ತು. ಮಗಳನ್ನು ಕೆಳಗೆ ಬೇಸ್‌ಮೆಂಟಿಗೆ ಕಳಿಸಿದೆ. ಆಡುವ ಮಕ್ಕಳು ಇದನ್ನು ಕೇಳಬಾರದಂತೆ. "ಈಸ್ ಅಪ್ಪಾ ಟೇಕಿಂಗ್ ಹರ್?" ಎಂದು ಮೆಟ್ಟಿಲ ಮೇಲಿಂದಲೇ ಕೇಳಿದಳು. "ಬಾಗಿಲು ಹಾಕ್ಕೊ," ಎಂದೆ. ಬೇರೇನು ಹೇಳಲಿ?

ಲ್ಯಾಪ್‌ಟಾಪನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟೆ. ನಮ್ಮ ದೇವರ ಗೂಡು ಪ್ಯಾಂಟ್ರಿಯೊಳಗಿದೆ, ಬೇಳೆ ಡಬ್ಬಿಗಳ ಮೇಲಿನ ಹಲಗೆಯಲ್ಲಿ. ಲಿಸ್ಟನ್ನು ಒಂದು ನಿಮಿಷ ಶ್ರೀನಿವಾಸ ದೇವರ ಮುಂದಿಟ್ಟು ಕೈ ಮುಗಿದೆ. ತಿರುಗಿದರೆ ಪ್ಯಾಂಟ್ರಿ ಬಾಗಿಲಿಗೆ ತೂಗುಹಾಕಿದ್ದ ದೇವಸ್ಥಾನದ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಭಾನುವಾರದ ಚೌಕದಲ್ಲಿ ರಾಹುಕಾಲ ಐದು ಇಪ್ಪತ್ತೊಂದರಿಂದ ಆರು ಐವತ್ತಮೂರು.

ಕೆಲಸ ಅವರದ್ದು ಎಂದುಕೊಂಡು ನಾನು ನೋಡಿಯೇ ಇರಲಿಲ್ಲ. ಅವರಿಗೆ ಇದರಲ್ಲಿ ನಂಬಿಕೆಯಿಲ್ಲ, ಹಾಗಾಗಿ ಅವರ ಕೆಲಸಗಳಿಗೆ ನಾನು ಹೊತ್ತು ನೋಡುವುದನ್ನು ಬಿಟ್ಟಿದ್ದೆ. ನನ್ನ ಕೆಲಸಕ್ಕೆ ನೋಡುತ್ತೇನೆ. ರಾಹುಕಾಲದಲ್ಲಿ ಕೈಕಟ್ಟಿ ಕೂರುತ್ತೇನೆ ಎಂದಲ್ಲ. ಪಾತ್ರೆ ತೊಳೆಯುತ್ತೇನೆ, ಬಟ್ಟೆ ಮಡಿಸುತ್ತೇನೆ. ಹೊಸದನ್ನು ಶುರು ಮಾಡುವುದಿಲ್ಲ, ಅಷ್ಟೆ. ಮುಂಚೆಯೇ ಶುರುವಾದದ್ದು ನಡೆದುಕೊಂಡು ಹೋದರೆ ದೋಷವಿಲ್ಲ ಎನ್ನುತ್ತಿದ್ದರು ನಮ್ಮಜ್ಜಿ.

ಐದಕ್ಕೆ ಸರಿಯಾಗಿ ಪರದೆಯ ಮೇಲೆ ಐದು ಗಂಡಸರು ಬಂದರು, ನಾಲ್ವರ ತಲೆಯ ಮೇಲೆ ಟೋಪಿ. ನಡೆಸಿಕೊಡಲು ಲೀಗಿನ ಒಬ್ಬ ಹೆಂಗಸು. ನಾನು ಯಾರೆಂದು ಹೇಳಿದೆ. ಆಕೆ ಮರ್ಯಾದೆಯಿಂದ ಸ್ವಾಗತಿಸಿದರು. ಒಬ್ಬ ಟೋಪಿಯವನು, ನಿಮ್ಮ ಯಜಮಾನರಿಗಿಂತ ನೀವೇ ಚೆನ್ನಾಗಿ ಆರಿಸುತ್ತೀರಿ ಬಿಡಿ ಎಂದು ಇಂಗ್ಲಿಷಿನಲ್ಲಿ ತಮಾಷೆ ಮಾಡಿದ. ನಕ್ಕೆ. ನನ್ನ ಕಣ್ಣು ಮೈಕ್ರೋವೇವಿನ ಗಡಿಯಾರದ ಮೇಲಿತ್ತು. ರೂಲು ಓದುವುದರಲ್ಲೇ ಐದು ನಿಮಿಷ ಹೋಯಿತು.

ನಮ್ಮದು ಮೂರನೇ ಸರದಿ. ಮೊದಲ ಸುತ್ತಿನಲ್ಲಿ ಲಿಸ್ಟಿನಂತೆ ಒಬ್ಬಳು ಫಾರ್ವರ್ಡ್ ನಂಬರ್ ಹೇಳಿದೆ. ಉಳಿದ ಐವರೂ ಫಾರ್ವರ್ಡನ್ನೇ ತೆಗೆದುಕೊಂಡರು. ನಮ್ಮವರು ಹೇಳಿದ ಹಾಗೇ ಆಗುತ್ತಿತ್ತು. ಗೀಟು ಹಾಕಿದೆ. ಎರಡನೇ ಸುತ್ತಿಗೆ ನನ್ನ ಲಿಸ್ಟಿನಲ್ಲಿ ಮೇಲೆ ಉಳಿದದ್ದು ಹನ್ನೊಂದು. ಪಕ್ಕದಲ್ಲಿ ಅವರದೇ ಕೈಬರಹ: ಒಳ್ಳೇ ಹೊಡೆತ, ಬಿಡಬೇಡ. ಅಡಿಗೆರೆ ಎರಡು.

ಗಡಿಯಾರ ಐದು ಹದಿನಾಲ್ಕು ತೋರಿಸುತ್ತಿತ್ತು. ಡ್ರಾಫ್ಟ್ ಆಗಲೇ ಶುರುವಾಗಿದ್ದರೂ ಒಂದೊಂದು ಮಗುವನ್ನು ತಂಡಕ್ಕೆ ಕರೆಯುವುದು ಹೊಸ ಶುರುವೇ. ಲೆಕ್ಕ ಹಾಕಿದೆ. ಎರಡನೇ ಸುತ್ತಿನ ನನ್ನ ಸರದಿ ರಾಹುಕಾಲಕ್ಕೆ ಮೊದಲು ಬರುತ್ತದೆ. ಮೂರು, ನಾಲ್ಕು, ಐದು, ಆಮೇಲಿನ ಎಲ್ಲವೂ ಒಳಗೆ ಬೀಳುತ್ತವೆ. ಇಪ್ಪತ್ತೇಳನ್ನು ಅವರು ಬರೆದಂತೆ ಐದನೇ ಸುತ್ತಿಗೆ ಬಿಟ್ಟರೆ ನಡು ರಾಹುಕಾಲ. ಇನ್ನು ನನ್ನ ಬಾಯಿಂದ ಒಳ್ಳೆಯ ಹೊತ್ತಿನಲ್ಲಿ ಬೀಳುವುದು ಒಂದೇ ಒಂದು ನಂಬರ್.

ಆಗ ನಮ್ಮಜ್ಜಿಯ ಪರಸ್ಥಾನ ನೆನಪಾಯಿತು. ಊರಿಗೆ ಹೊರಡುವ ದಿನ ಹೊತ್ತು ಸರಿಯಿಲ್ಲದಿದ್ದರೆ ಅಜ್ಜಿ ಹಿಂದಿನ ದಿನವೇ ಒಳ್ಳೆಯ ಗಳಿಗೆಯಲ್ಲಿ ಒಂದು ಕೈಚೀಲದಲ್ಲಿ ಸೀರೆ, ಎಲೆ ಅಡಿಕೆ ಇಟ್ಟು ಎದುರು ಮನೆಯ ಜಗುಲಿಯ ಮೇಲೆ ಇರಿಸಿ ಬರುತ್ತಿದ್ದರು. ಚೀಲ ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾಯಿತೆಂದು ಅರ್ಥ. ಮಾರನೇ ದಿನ ಯಾವ ಕಾಲದಲ್ಲಿ ಹೊರಟರೂ ಚಿಂತೆಯಿಲ್ಲ. ಬಸ್ಸು ಎಷ್ಟು ಹೊತ್ತಿಗೋ ಅಷ್ಟು ಹೊತ್ತಿಗೆ ಹೋಗುತ್ತಿದ್ದರು, ಚೀಲವನ್ನು ಎದುರು ಮನೆಯಿಂದ ಎತ್ತಿಕೊಂಡು. ನನ್ನ ಚೀಲ ಇಪ್ಪತ್ತೇಳು; ಅದೊಂದು ಹೊತ್ತಿಗೆ ಮೊದಲು ದಾಟಿದರೆ ಸಾಕು.

ಅಷ್ಟರಲ್ಲಿ ನನಗಿಂತ ಮೊದಲ ಸರದಿಯ ಗಡ್ಡದ ಕೋಚ್‌ಗೆ ನಿರ್ಧಾರವಾಗುತ್ತಿರಲಿಲ್ಲ. ಗಟ್ಟಿಯಾಗಿಯೇ ಯೋಚಿಸುತ್ತಿದ್ದ. ಫಾರ್ವರ್ಡ್ ತೆಗೆದುಕೊಳ್ಳಲೋ ಡಿಫೆನ್ಸ್ ತೆಗೆದುಕೊಳ್ಳಲೋ. ಮುಂದೆ ಈಗಲೇ ಒಬ್ಬಳಿದ್ದಾಳೆ. ಆದರೆ ಹೋದ ವರ್ಷ ಹಿಂದೆ ಯಾರೂ ಇಲ್ಲದೆ ಪೆಟ್ಟು ತಿಂದೆ. ಐದು ಹದಿನೇಳು. ಡಿಫೆನ್ಸ್ ಎನ್ನುವ ಮಾತು ಅವನ ಬಾಯಲ್ಲಿ ಬಂದಾಗಲೆಲ್ಲ ನಾನು ಲಿಸ್ಟಿನ ಇಪ್ಪತ್ತೇಳನ್ನು ಹೆಬ್ಬೆರಳಿನಿಂದ ಮುಚ್ಚುತ್ತಿದ್ದೆ. ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಕಾಗದ ತಿರುಗಿಸಿದ. ಸರದಿಗೆ ಎರಡೇ ನಿಮಿಷ ಎಂಬ ರೂಲು ಓದಿದ್ದ ಆ ಹೆಂಗಸೇ, ಪರವಾಗಿಲ್ಲ ಇನ್ನೊಂದು ನಿಮಿಷ ತೆಗೆದುಕೊಳ್ಳಿ ಎಂದರು. ಐದು ಹದಿನೆಂಟು. ಇವನಿಗೆ ಸಂತೆಯಲ್ಲಿ ಬದನೆಕಾಯಿ ಆರಿಸಲು ಕೊಟ್ಟರೆ ಕತ್ತಲಾಗುತ್ತದೆ ಎನಿಸಿತು. ಹೇಳು ಮಹರಾಯ ಎಂದು ಕನ್ನಡದಲ್ಲೇ ಅಂದೆ. ಪುಣ್ಯಕ್ಕೆ ನನ್ನ ಮೈಕ್ ಮುಚ್ಚಿತ್ತು. ಅದನ್ನೂ ಕೃಪೆಯ ಲೆಕ್ಕಕ್ಕೆ ಹಾಕಿದೆ.

ಐದು ಹತ್ತೊಂಬತ್ತಕ್ಕೆ ಒಬ್ಬಳು ಫಾರ್ವರ್ಡ್ ಹೇಳಿದ. ಹನ್ನೊಂದಲ್ಲ. ಈಗ ನನ್ನ ಸರದಿ.

ಅಡಿಗೆರೆ ಎರಡು ಹಾಕಿದ ಹನ್ನೊಂದನ್ನು ನೋಡಿದೆ. ಕೆಳಗೆಲ್ಲೋ ಇದ್ದ ಇಪ್ಪತ್ತೇಳನ್ನು ನೋಡಿದೆ. ಅವರು ವಾರಗಟ್ಟಲೆ ಕೂತು ಮಾಡಿದ ಶೀಟು. ಸುಳ್ಳು ಹೇಳಬಾರದು, ಮೈಕು ತೆರೆಯುವುದಕ್ಕೇ ಎರಡು ಸಲ ಒತ್ತಿದೆ.

"ಟ್ವೆಂಟಿ ಸೆವೆನ್," ಎಂದೆ.

ಒಬ್ಬ ತನ್ನ ಕಾಗದದ ಮೇಲೆ ಬಾಗಿ ಹುಡುಕಿದ. ತಮಾಷೆ ಮಾಡಿದ್ದ ಟೋಪಿಯವನು, ಆಕೆ ಡಿಫೆನ್ಸ್ ಅಲ್ಲವೇ ಎಂದ. ಹೌದು ಎಂದೆ. ಎರಡನೇ ಸುತ್ತಿನಲ್ಲಿಯೇ? ಹೌದು. ನಿಮ್ಮ ಯಜಮಾನರ ಲಿಸ್ಟಿನಲ್ಲಿ ಹಾಗಿದೆಯೇ ಎಂದು ಲೀಗಿನಾಕೆ ಮೆತ್ತಗೆ ಕೇಳಿದರು. ನನಗೆ ರೇಗಿತು. ಇಷ್ಟು ಹೊತ್ತು ಗಡ್ಡದವನನ್ನು ಯಾರೂ ಏನೂ ಕೇಳಿರಲಿಲ್ಲ. "ಇದು ನಮ್ಮ ಆಯ್ಕೆ, ಬರೆದುಕೊಳ್ಳಿ," ಎಂದೆ. ಬರೆದುಕೊಂಡರು. ಗಡಿಯಾರದಲ್ಲಿ ಐದು ಇಪ್ಪತ್ತು ಇತ್ತು.

ಹನ್ನೊಂದು ಮರುಕ್ಷಣವೇ ಹೋಯಿತು. ಪಕ್ಕದವನು ಉಸಿರು ಬಿಡುವಷ್ಟರಲ್ಲಿ ಹೇಳಿದ. ಆ ವರ್ಷವೆಲ್ಲ ಆ ಹುಡುಗಿ ನಮ್ಮ ಮೇಲೆ ಗೋಲು ಹೊಡೆದಾಗಲೆಲ್ಲ ನಮ್ಮವರು ತಿರುಗಿ ನಾನು ಕೂತ ಬೆಂಚಿನ ಕಡೆ ನೋಡುತ್ತಿದ್ದರು. ಅವಳು ಬಹಳ ಸಲ ಹೊಡೆದಳು.

ಮೂರನೇ ಸುತ್ತಿನಿಂದ ನಾನು ಬಾಯಿಮುಚ್ಚಿ ಲಿಸ್ಟಿನಂತೆ ನಡೆದೆ. ಮೇಲಿನ ನಂಬರ್, ಗೀಟು, ಮೇಲಿನ ನಂಬರ್, ಗೀಟು. ಆದರೆ ಒಂದು ಕಸಿವಿಸಿ. ಯಾರದೋ ಮನೆಯ ಮಕ್ಕಳು, ಅವರನ್ನು ನಾನು ರಾಹುಕಾಲದಲ್ಲಿ ಒಳಗೆ ಕರೆಯುತ್ತಿದ್ದೇನೆ. ಅವರಿಗೇನು ತಪ್ಪು? ಅದಕ್ಕೆ ಒಂದೊಂದು ನಂಬರ್ ಹೇಳುವ ಮೊದಲು ಮೈಕು ಮುಚ್ಚಿ ಒಂದೊಂದು ಸಲ ಗೋವಿಂದ ಎಂದೆ. ಐದನೇ ಸುತ್ತಿನಲ್ಲಿ ಒಂದು ಕ್ಷಣ ಕಣ್ಣು ಅಭ್ಯಾಸಬಲದಿಂದ ಇಪ್ಪತ್ತೇಳನ್ನು ಹುಡುಕಿತು. ಗೀಟು ಬಿದ್ದಿತ್ತು, ನನ್ನದೇ ಗೀಟು. ಆರು ಗಂಟೆಗೆ ಎಲ್ಲ ಮುಗಿಯಿತು.

ಮಗಳು ಬಾಗಿಲ ಹಿಂದೆಯೇ ಕೂತಿದ್ದಳೋ ಏನೋ, ಲ್ಯಾಪ್‌ಟಾಪ್ ಮುಚ್ಚಿದ ಸದ್ದಿಗೇ ಮೇಲೆ ಬಂದಳು. ನಾನು ಕಾಗದ ತೋರಿಸಿದೆ. ಅವಳು ಕುಣಿಯಲಿಲ್ಲ. ಕುರ್ಚಿಯ ಮೇಲೆ ಕೂತು ಎರಡು ಕೈಯಿಂದ ಮುಖ ಮುಚ್ಚಿಕೊಂಡು ಹಾಗೇ ಇದ್ದಳು. ನಾನು ಬೆನ್ನ ಮೇಲೆ ಕೈಯಿಟ್ಟೆ. ಆಮೇಲೆ ಕಾಗದ ಎಳೆದುಕೊಂಡು ನೋಡಿದಳು.

"ವೆಯ್ಟ್, ಸೆಕೆಂಡ್ ರೌಂಡ್? ವೈ?"

ಅವಳ ಹತ್ತಿರ ಮುಚ್ಚಿಡುವುದು ಏನಿದೆ, ಕ್ಯಾಲೆಂಡರ್ ತೋರಿಸಿ ಇದ್ದದ್ದನ್ನು ಹೇಳಿದೆ. ಹತ್ತಿರ ಹೋಗಿ ಓದಿದಳು. ಅಲ್ಲೇ ನಿಂತಳು. ಆಮೇಲೆ ಕೆಳಗಿನ ಸಣ್ಣ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟಳು.

"ಅಮ್ಮಾ. ದಿಸ್ ಈಸ್ ಶಿಕಾಗೋ ಟೈಮ್."

ಪ್ರತಿ ಜನವರಿಯಲ್ಲಿ ಗ್ಲೆಂಡೇಲ್ ಹೈಟ್ಸ್‌ನ ಹಳೆಯ ಗೆಳತಿ ಒಂದು ಪೊಟ್ಟಣ ಚಟ್ನಿಪುಡಿಯ ಜೊತೆ ಅಲ್ಲಿಯ ದೇವಸ್ಥಾನದ ಕ್ಯಾಲೆಂಡರ್ ಕಳಿಸುತ್ತಾರೆ. ನಾನು ಹಳೆಯದನ್ನು ತೆಗೆದು ಹೊಸದನ್ನು ಅದೇ ಮೊಳೆಗೆ ಹಾಕುತ್ತೇನೆ. ಎಂಟು ವರ್ಷ ಓದಿದ ಕ್ಯಾಲೆಂಡರ್. ಅಲ್ಲಿಯ ಸೂರ್ಯನಿಗೆ, ಅಲ್ಲಿಯ ಗಡಿಯಾರಕ್ಕೆ ಲೆಕ್ಕ ಹಾಕಿದ್ದು ಎನ್ನುವುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಮಗಳು ಫೋನಿನಲ್ಲಿ ಹುಡುಕಿ ಹೇಳಿದಳು: ನಾವಿರುವ ಊರಿನಲ್ಲಿ ಆ ದಿನ ರಾಹುಕಾಲ ಶುರುವಾಗುವುದೇ ಆರು ಒಂದಕ್ಕೆ.

ಅಂದರೆ ಡ್ರಾಫ್ಟ್ ಶುರುವಿನಿಂದ ಕೊನೆಯವರೆಗೂ ಒಳ್ಳೆಯ ಹೊತ್ತಿನಲ್ಲೇ ನಡೆದಿತ್ತು. ಹನ್ನೊಂದನ್ನೂ ತೆಗೆದುಕೊಳ್ಳಬಹುದಿತ್ತು. ಮೂರನೇ ಸುತ್ತಿನಲ್ಲಿ ಇಪ್ಪತ್ತೇಳು ಹೇಳಬಹುದಿತ್ತು. ಅವಸರ ಮಾಡಿಕೊಂಡವಳು ನಾನು.

ಅಷ್ಟಕ್ಕೇ ನಿಲ್ಲಲಿಲ್ಲ. ಈ ಮನೆಯ ಕಾಗದಕ್ಕೆ ರುಜು ಹಾಕಿದ್ದು ಒಂದು ಸೋಮವಾರ ಬೆಳಿಗ್ಗೆ. ರಾಹುಕಾಲ ಮುಗಿಯಲಿ ಎಂದು ನಮ್ಮವರನ್ನು ಕಾರಿನಲ್ಲಿ ಕೂರಿಸಿ, ಅವರು ಗೊಣಗುತ್ತಿದ್ದರೂ ಗಡಿಯಾರ ನೋಡಿ ನೋಡಿ ಒಳಗೆ ಹೋಗಿದ್ದೆ. ಈಗ ಲೆಕ್ಕ ಹಾಕಿದರೆ, ಸರಿಯಾಗಿ ರಾಹುಕಾಲದ ನಡುಮಧ್ಯೆ ರುಜು ಹಾಕಿದ್ದೆವು. ಮಗಳ ಹೊಸ ಸ್ಕೂಲಿನ ಮೊದಲ ದಿನ, ಕಾರು ತಂದ ದಿನ, ಒಂದನ್ನೂ ಕೇಳಬೇಡಿ. ಕೂತು ಅಳಬೇಕೆನಿಸಿತು. ಇಷ್ಟು ವರ್ಷದ ಎಚ್ಚರವೆಲ್ಲ ಬರೀ ಅಭ್ಯಾಸವಾಗಿತ್ತೇ? ಆದರೆ ಮನೆ ನಿಂತಿತ್ತು. ಒಲೆ ಉರಿಯುತ್ತಿತ್ತು. ಮಗಳು ಎದುರಿಗೆ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದಳು. ಎರಡು ವರ್ಷ ನಾನು ತಪ್ಪು ಗಡಿಯಾರ ಹಿಡಿದು ಬಾಗಿಲು ಕಾದಿದ್ದರೂ ಕೆಟ್ಟದ್ದೇನೂ ಒಳಗೆ ಬಂದಿರಲಿಲ್ಲ. ಕಾದವನು ಬೇರೆ. ಪ್ಯಾಂಟ್ರಿಯ ಕಡೆ ತಿರುಗಿ ಕೈ ಮುಗಿದೆ, ಸ್ವಲ್ಪ ಸಿಟ್ಟಿನಿಂದಲೇ.

ಹುಡುಗಿಯ ಅಮ್ಮನಿಗೆ ಫೋನ್ ಮಾಡಿದೆ. ಆನ್ ಆರ್ಬರ್‌ನಿಂದ ಮನೆಗೆ ಬರುತ್ತಿದ್ದರು, ಕಾರಿನ ಸದ್ದು ಕೇಳುತ್ತಿತ್ತು.

"ನಮ್ಮ ಟೀಮಿಗೇ ಬಂದ್ಲು," ಎಂದೆ.

"ಖರೇನ್ರಿ?" ಎಂದರು. ಆಮೇಲೆ ಮೂಗು ಒರೆಸಿಕೊಂಡ ಸದ್ದು. "ದೇವ್ರು ನಿಮ್ನ ತಣ್ಣಗಿಟ್ಟಿರ್ಲಿ ಅಕ್ಕಾ. ನಿಮ್ಮ ಸಾಹೇಬ್ರಿಗೂ ಹೇಳ್ರಿ."

"ಹೇಳ್ತೀನಿ."

"ಮತ್ತ ಒಂದ್ ಮಾತು, ಬ್ಯಾಸ್ರ ಮಾಡ್ಕೋಬ್ಯಾಡ್ರಿ. ಈ ವರ್ಷ ಆಕೀನ್ನ ಮುಂದ ಹಾಕ್ಸ್ರಿ. ಗೋಲ್ ಹೊಡಿಯೋ ಕಡೆ. ಯಾವಾಗ್ಲೂ ಹಿಂದ ನಿಲ್ಲಿಸ್ತಾರ, ನೋಡಾಕ ಬಂದವ್ರಿಗೆ ಕಾಣ್ಸೋದ ಇಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ಎರಡನೇ ಸುತ್ತನ್ನು ಸುಟ್ಟು ತಂದ ಡಿಫೆನ್ಸು.

"ಅದನ್ನ ನೀವೇ ಸಾಹೇಬ್ರಿಗೆ ಹೇಳಿ," ಎಂದು ಇಟ್ಟೆ.

ನಮ್ಮವರು ಏಳೂವರೆಗೆ ಬಂದರು; ಟೆಸ್ಟು ಮತ್ತೆ ಶುರುವಾಯಿತಂತೆ. ಬೂಟು ಬಿಚ್ಚುವ ಮೊದಲೇ ಕಾಗದ ಕೇಳಿದರು. ನಿಂತೇ ಓದಿದರು. ಎರಡನೇ ಸಾಲಿಗೆ ಬಂದು ನಿಂತರು.

"ಹನ್ನೊಂದು ಹೋಗಿತ್ತಾ?"

"ಇರಲಿಲ್ಲ. ಅಂದ್ರೆ, ಹೋಗಿರಲಿಲ್ಲ. ಇತ್ತು."

"ಇತ್ತು. ಇದ್ದೂ ಡಿಫೆನ್ಸ್ ತಗೊಂಡೆ. ಸೆಕೆಂಡ್ ರೌಂಡಲ್ಲಿ."

"ಹೂಂ."

"ಅಡಿಗೆರೆ ಹಾಕಿದ್ದೆ ಕಣೇ. ಎರಡು ಹಾಕಿದ್ದೆ."

"ನೋಡಿದೆ ರೀ."

"ಮತ್ತೆ ಯಾಕೆ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಹಿಂದಿನಿಂದ, "ಶೀ ಯೂಸ್ಡ್ ಶಿಕಾಗೋ ಟೈಮ್," ಎಂದಳು. ಒಂದೊಂದಾಗಿ ಎಲ್ಲ ಹೇಳಿದಳು, ಕ್ಯಾಲೆಂಡರ್, ಅಜ್ಜಿಯ ಚೀಲ, ಆರು ಒಂದು. ನಮ್ಮವರು ಬೈಯುತ್ತಾರೆಂದು ನಾನು ಸೆಟೆದು ನಿಂತಿದ್ದೆ. ಅವರು ನಕ್ಕರು. ಗೋಡೆ ಹಿಡಿದುಕೊಂಡು ನಕ್ಕರು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

"ಆವತ್ತು ರಿಜಿಸ್ಟ್ರೇಷನ್‌ಗೆ ನನ್ನನ್ನ ಕಾರಲ್ಲಿ ಕೂರ್ಸಿದ್ಯಲ್ಲ, ಅದೂ ಶಿಕಾಗೋನಾ?"

"ಹೂಂ."

"ಒಂದು ಕಾಲು ಗಂಟೆ."

"ಇಪ್ಪತ್ತು ನಿಮಿಷ. ಈಗೇನು ಅದಕ್ಕೆ?"

ನಗು ನಿಂತ ಮೇಲೆ ಅವರು ಕಾಗದವನ್ನು ಮತ್ತೆ ನೋಡಿದರು. ಮುಖ ಗಂಟಾಯಿತು. "ಐದನೇ ರೌಂಡಲ್ಲಿ ಸಿಗ್ತಿದ್ಲು," ಎಂದರು.

"ಆ ಗಡ್ಡದವ್ರು ಡಿಫೆನ್ಸ್ ಡಿಫೆನ್ಸ್ ಅಂತಿದ್ರು. ಸಿಗದೇ ಇದ್ದಿದ್ರೆ?"

"ಸಿಗ್ತಿದ್ಲು."

"ಸಿಗದೇ ಹೋಗಿದ್ರೆ ಆ ಮಗು ಆಟ ಬಿಡ್ತಿತ್ತು. ಇವಳು ಮತ್ತೆ ಲೈಬ್ರರಿಗೆ ಹೋಗ್ತಿದ್ಲು."

"ಅದೆಲ್ಲ ಸರಿ. ಆದ್ರೆ ಸಿಗ್ತಿದ್ಲು."

ಇವತ್ತಿಗೂ ಅದೇ ಮಾತು. ಸಿಗುತ್ತಿದ್ದಳೋ ಇಲ್ಲವೋ ತೋರಿಸಿಕೊಡಲು ದಾರಿಯಿಲ್ಲ. ಆ ದಿನ ನಾನು ಸರಿಯಾದದ್ದನ್ನು ತಪ್ಪು ಕಾರಣಕ್ಕೆ ಮಾಡಿದೆನೋ, ತಪ್ಪನ್ನೇ ಮಾಡಿ ಪಾರಾದೆನೋ, ದೇವರ ಮುಂದೆ ಎಷ್ಟು ಸಲ ಕೇಳಿದರೂ ಉತ್ತರ ಬಂದಿಲ್ಲ. ಮಂಗಳವಾರ ಸಂಜೆ ಕಾರಿನ ಹಿಂದಿನ ಸೀಟು ಮಾತ್ರ ತುಂಬಿರುತ್ತಿತ್ತು.

ಆ ರಾತ್ರಿ ನಮ್ಮವರು ಅನ್ನ ಸಾರು ಬಡಿಸಿಕೊಂಡು ಕೂತರು. ನಾಲ್ಕು ತುತ್ತಾದ ಮೇಲೆ ಎಡಗೈಯಿಂದ ಚಮಚದ ಸ್ಟ್ಯಾಂಡನ್ನು ಹತ್ತಿರ ಎಳೆದುಕೊಂಡು ಮೂರು ಚಮಚ ತೆಗೆದು ಮುಂದೆ ಜೋಡಿಸಿದರು. ಒಂದನ್ನು ಎಡಕ್ಕೆ ಸರಿಸಿ, ಮತ್ತೆ ಬಲಕ್ಕೆ ತಂದರು. ಹಿಂದೆ ಎರಡು ಲೋಟ ಇಟ್ಟರು, ಒಂದರ ಪಕ್ಕ ಒಂದು, ಅಂಚು ತಾಗುವಷ್ಟು ಹತ್ತಿರ. ಅವುಗಳ ಹಿಂದೆ ಉಪ್ಪಿನಕಾಯಿ ಜಾಡಿ ಇಟ್ಟರು.

"ಹಿಂದುಗಡೆ ಮಾತ್ರ ಗಟ್ಟಿಯಾಗಿದೆ," ಎಂದರು, ನನಗಲ್ಲ, ಜಾಡಿಗೆ ಹೇಳಿದಂತೆ.

ಉದ್ದು ಬೆಳಿಗ್ಗೆಯಿಂದ ನೆನೆದು ಪಾತ್ರೆಯ ಅಂಚಿಗೆ ಬಂದಿತ್ತು; ಇನ್ನೂ ಬಿಟ್ಟರೆ ಹುಳಿವಾಸನೆ ಬರುತ್ತದೆ. ನೀರು ಬಸಿದು ಗ್ರೈಂಡರಿಗೆ ಹಾಕಿದೆ. ಮೇಜಿನ ಹತ್ತಿರ ಹೋಗಿ, ಲೋಟಗಳನ್ನು ಮುಟ್ಟದೆ, ಮುಂದಿನ ಸಾಲಿನ ನಡುವಿನ ಚಮಚ ಎತ್ತಿಕೊಂಡೆ.

"ಅದು ಸೆಂಟರು ಕಣೇ," ಎಂದರು.

"ಉಪ್ಪು ಅಳೀಬೇಕು," ಎಂದು ಗ್ರೈಂಡರ್ ಹಾಕಿದೆ.